ನಿಲ್ಲಿಸಿಟ್ಟ ಕಾರು

ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೧೧, ಬುಧವಾರ ಬೆಳಗ್ಗೆ

ಪ್ರೀತಿಯ ಚೂಟಿಗೆ,

ಹೇಗಿದ್ದೀಯ? ಅಳಿಯ ದಿನ ಬಿಟ್ಟು ದಿನ ಫೋನ್ ಮಾಡುತ್ತಾನೆ, ಆದರೆ ಅವನು ಹೇಳುವ ಕ್ರಮ ನಿನಗೇ ಗೊತ್ತಲ್ಲ. "ಚೆನ್ನಾಗಿದ್ದಾಳೆ ಅತ್ತೆ, ಊಟ ಮಾಡಿದ್ಲು ಅತ್ತೆ, ಈಗ ಮಲಗಿದ್ದಾಳೆ ಅತ್ತೆ." ಮೂರು ಮಾತಿನಲ್ಲಿ ಒಬ್ಬಳ ದಿನ ಮುಗಿದುಹೋಗುತ್ತದೆಯೇ? ತೊಡೆಯಲ್ಲಿ ಸೆಳೆತ ಬರುತ್ತಿತ್ತಲ್ಲ, ಅದು ನಿಂತಿತೋ ಇಲ್ಲವೋ? ಹೊತ್ತುಹೊತ್ತಿಗೆ ಮಗ್ಗುಲು ತಿರುಗಿಸುತ್ತಾರೋ? ಮಲಗಿದ ಮೈಗೆ ಹುಣ್ಣಾಗಲು ಹೆಚ್ಚು ದಿನ ಬೇಡ, ನಿನ್ನ ಅಪ್ಪನ ಕೊನೆಯ ವರ್ಷದಲ್ಲಿ ನೋಡಿದ್ದೇನೆ. ತೋಳಿಗೆ ಈಗ ಮರಳು ಚೀಲ ಕಟ್ಟಿ ಎತ್ತಿಸುತ್ತಾರೆ ಎಂದು ಅಳಿಯ ಹೇಳಿದ. ಎತ್ತು, ಆದರೆ ಪಕ್ಕದ ಮಂಚದವಳಿಗಿಂತ ಒಂದು ಹೆಚ್ಚು ಎತ್ತಬೇಕೆಂಬ ಹಟ ಬೇಡ. ಆ ಹಟ ಎಲ್ಲಿಂದ ಬಂತೆಂದು ನನಗೆ ಗೊತ್ತಿರುವುದರಿಂದ ಹೇಳುತ್ತಿದ್ದೇನೆ.

ನನ್ನ ವಿಷಯ ಬರೆಯುವಂಥದ್ದೇನಿಲ್ಲ. ಮಂಡಿ ನೋವು ಇದ್ದ ಹಾಗೇ ಇದೆ. ಮೊದಲು ದಿನಕ್ಕೆ ಇಪ್ಪತ್ತು ಸಲ ಅಂಗಡಿಯಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಅಂಗಡಿಗೆ ಓಡಾಡುತ್ತಿದ್ದೆ. ಈಗ ಕುರ್ಚಿಯಿಂದ ಏಳುವ ಮೊದಲು, ಏಳಲೇಬೇಕೇ ಎಂದು ಯೋಚಿಸುತ್ತೇನೆ. ಗಿರಾಕಿ ಬಂದು ಮೇಜಿನ ಕಾಲು ಅಲ್ಲಾಡುತ್ತದೆ ಎಂದು ಜಗಳಕ್ಕೆ ನಿಂತರೆ ಮೊದಲಿನ ಹಾಗೆ ಎದುರು ಜಗಳಕ್ಕೆ ಹೋಗುವುದಿಲ್ಲ. "ಬಿಟ್ಟು ಹೋಗಿ, ಸರಿ ಮಾಡಿಸ್ತೀನಿ" ಅನ್ನುತ್ತೇನೆ. ಕೆಲಸದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ದಣಿದಿದ್ದೇನೆ, ಅಷ್ಟೆ. ಇದನ್ನು ನಿನ್ನ ಅಣ್ಣನಿಗೆ ಹೇಳಬೇಡ. ಹೇಳಿದರೆ ಅಂಗಡಿ ಮುಚ್ಚು ಎಂದು ಶುರುಮಾಡುತ್ತಾನೆ.

ನೀನು ಸಹಿ ಮಾಡಿ ಕಳಿಸಿದ ಮಾರಾಟದ ಕಾಗದ ಹೋದ ತಿಂಗಳ ಇಪ್ಪತ್ತನಾಲ್ಕಕ್ಕೆ ಕೈಸೇರಿತು. ಲಕೋಟೆ ಅಲ್ಲಾಡಿಸಿ ನೋಡಿದೆ, ಅದರ ಜೊತೆ ನಿನ್ನದೊಂದು ಸಾಲೂ ಇರಲಿಲ್ಲ. ಸಹಿ ಮಾತ್ರ ಗಟ್ಟಿಯಾಗಿತ್ತು. "ಅವಳೇ ಮಾರು ಅಂತಿದ್ದಾಳೆ, ಇನ್ನು ನಿಂದೇನಮ್ಮ?" ಎಂದು ಅಣ್ಣ ಕೇಳಿದ. ನನ್ನದೇನೂ ಇರಲಿಲ್ಲ. ಎಂಟು ತಿಂಗಳು ಕಾದೆ, ಸಾಕಾಗಿತ್ತು. "ಗಿರಾಕಿ ನೋಡು" ಅಂದೆ. ಅವನು ಹುಡುಕಿದ್ದು ಮೂಲೆಯ ಬೇಕರಿಯವರನ್ನು. ಬ್ರೆಡ್ಡು ಹಂಚುವುದಕ್ಕೆ ಅವರಿಗೆ ಸದ್ದಿಲ್ಲದ ಗಾಡಿ ಬೇಕಂತೆ. ಬರುವ ಭಾನುವಾರ, ಅಂದರೆ ಹದಿನೈದಕ್ಕೆ, ಅವರು ಕೀಲಿ ತೆಗೆದುಕೊಂಡು ಹೋಗಲು ಬರುತ್ತಾರೆ. ನಿನ್ನ ಕಾಗದ ನನ್ನ ಮೇಜಿನ ಡ್ರಾಯರಿನಲ್ಲಿದೆ. ನಾನಿನ್ನೂ ಅವರಿಗೆ ಕೊಟ್ಟಿಲ್ಲ. ಕೊಡುವ ಮೊದಲು ಒಂದು ವಿಷಯ ನಿನಗೆ ತಿಳಿಸಬೇಕು. ನೀನು ಫೋನಿಗೆ ಬರುವುದಿಲ್ಲ, ಅಳಿಯನ ಬಾಯಲ್ಲಿ ಹೇಳಿಸುವ ಮಾತೂ ಇದಲ್ಲ, ಆದ್ದರಿಂದ ಈ ಕಾಗದ.

ಫೋನಿಗೆ ಯಾಕೆ ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿದೆ. ನವೆಂಬರಿನಲ್ಲಿ ನಾನು ಬಂದಿದ್ದಾಗ ಡಾಕ್ಟರಮ್ಮ ನಿನ್ನ ಪಾದದ ಮೇಲೆ ಸೂಜಿ ಆಡಿಸಿ, ಏನೋ ಬರೆದುಕೊಂಡು ಹೊರಗೆ ಹೋದರು. ನೀನು ಹವಾಮಾನ ಹೇಳುವವಳ ಹಾಗೆ, "ಅಮ್ಮಾ, ಕಾಲು ಇನ್ನು ಇಷ್ಟೇ ಅಂತೆ. ಕಾರು ಮಾರಿಬಿಡು. ನಿಂತು ನಿಂತು ಹಾಳಾಗೋದು ಬೇಡ" ಅಂದೆ. ನಾನು, "ಬಾಯಿ ಮುಚ್ಚು. ನಡ್ಕೊಂಡು ಮನೆಗೆ ಬಾ, ಬಂದು ನೀನೇ ಮಾರು" ಅಂದೆ. "ನಾನು ಹೇಳಿದ್ದು ಕೇಳಿಸ್ತಾ ನಿನಗೆ?" ಅಂದೆ ನೀನು. ಕೇಳಿಸಿತ್ತು. ಬೆನ್ನುಹುರಿಗೆ ಊತ ಬಂದು ನೀನು ಮಲಗಿದ ಜುಲೈ ತಿಂಗಳಿನಿಂದಲೂ ಎಲ್ಲರೂ ನನಗೆ ಅದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳುತ್ತಿದ್ದರು, ಕಿವುಡಿಯಲ್ಲ ನಾನು. ಆದರೂ, "ನೀನು ಅಳೋದಾದ್ರೆ ನಾನು ಹೊರಗೆ ಕೂತ್ಕೋತೀನಿ" ಎಂದು ನಾನು ಎದ್ದುಹೋದೆ. ಕಾರಿಡಾರಿನ ಬೆಂಚಿನ ಮೇಲೆ ರೈಲಿನ ಹೊತ್ತಿನವರೆಗೂ ಕೂತಿದ್ದೆ. ನೀನು ಕರೆಯಲಿಲ್ಲ, ನಾನು ಒಳಗೆ ಬರಲಿಲ್ಲ. ಆ ಬೆಂಚಿನ ಒಂದು ಕಾಲು ಗಿಡ್ಡ ಇದೆ. ಆಸ್ಪತ್ರೆಯವರಿಗೆ ಹೇಳು, ಯಾರಾದರೂ ಬೀಳುತ್ತಾರೆ.

ಈಗ ಕಾರಿನ ವಿಷಯ. ಮಾರುವ ವಸ್ತು ಯಾವ ಸ್ಥಿತಿಯಲ್ಲಿದೆ ಎಂದು ಒಡತಿಗೆ ಗೊತ್ತಿರಬೇಕು. ನೀನು ಆಸ್ಪತ್ರೆಗೆ ಹೋದ ವಾರವೇ ಅದನ್ನು ಬೀದಿಯಿಂದ ತೆಗೆಸಿ ಮರ ಒಣಗಿಸುವ ಷೆಡ್ಡಿಗೆ ಹಾಕಿಸಿದೆ. ಮರವನ್ನು ವರ್ಷಗಟ್ಟಲೆ ಕೆಡದಂತೆ ಇಡುವುದು ಹೇಗೆಂದು ನನಗೆ ಗೊತ್ತು, ಕಾರು ಯಾವ ದೊಡ್ಡ ಮಾತು ಅಂದುಕೊಂಡೆ. ನೆಲದ ತಂಪು ತಾಗದಿರಲಿ ಎಂದು ಚಕ್ರಗಳ ಕೆಳಗೆ ಹಲಗೆ ಕೊಟ್ಟೆ. ಮೇಲೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿದೆ. ಕೈಬ್ರೇಕು ಎಳೆಸಿದೆ. ಗೋಡೆಯ ಪ್ಲಗ್ಗಿಗೆ ವೈರು ಸಿಕ್ಕಿಸಿ ನೂರಕ್ಕೆ ನೂರು ತುಂಬಿಸಿ, ತುಂಬಿದ ಮೇಲೂ ವೈರು ಕೀಳದೆ ಹಾಗೇ ಬಿಟ್ಟೆ. ನೀನು ಬಂದು ಕೂತ ಗಳಿಗೆಯಲ್ಲೇ ಹೊರಡುವ ಹಾಗಿರಬೇಕು ಎಂಬುದು ನನ್ನ ಲೆಕ್ಕ. ಅಣ್ಣ ಏನೋ ಹೇಳಲು ಬಂದ. "ನಿಮ್ಮಪ್ಪ ಸತ್ತಾಗ ಮೂರು ಲಾರಿ ತೇಗ ಈ ಷೆಡ್ಡಲ್ಲಿ ಕಾಪಾಡಿದ್ದೀನಿ, ನಂಗೆ ಹೇಳ್ಕೊಡಬೇಡ" ಅಂದೆ.

ಎರಡು ತಿಂಗಳಾದ ಮೇಲೆ ಟಾರ್ಪಾಲು ತೆಗೆದರೆ ಒಳಗೆಲ್ಲ ಬೆವರು. ಬಾಗಿಲಿನ ರಬ್ಬರಿಗೆ ಬೂಷ್ಟು ಹಿಡಿದಿತ್ತು. ಆಗ ವೈಂಡಿಂಗ್ ಮಾಸ್ತರನಿಗೆ ಹೇಳಿಕಳಿಸಿದೆ. ನಿನಗೆ ನೆನಪಿರಬೇಕು, ಮೊದಲು ನಮ್ಮ ಮರ ಹೆರೆಯುವ ರಂದದ ಮೋಟಾರಿಗೆ ತಾಮ್ರದ ತಂತಿ ಸುತ್ತಿಕೊಡುತ್ತಿದ್ದನಲ್ಲ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಮಾತಾಡುವವನು. ಈಗ ಈ ಕರೆಂಟಿನ ಗಾಡಿಗಳದ್ದೇ ಕೆಲಸ ಮಾಡುತ್ತಾನೆ. ನನಗಿಂತ ಹತ್ತು ವರ್ಷ ಚಿಕ್ಕವನಾದರೂ ನಾಲಿಗೆ ಮಾತ್ರ ನನಗಿಂತ ಹಿರಿಯದು. ಬಂದವನು ವೈರು ನೋಡಿದ, ಒಳಗೆ ನೂರು ಎಂದು ಬರೆದದ್ದು ನೋಡಿದ, ಬಾಯಿಂದ ಸ್ಕ್ರೂ ತೆಗೆದ. "ಅಮ್ಮಾ, ಇದು ನೀರಿನ ಹಂಡೆ ಅಲ್ಲ ಕಂಠಮಟ್ಟ ತುಂಬ್ಸಿಡೋಕೆ. ತುಂಬ್ಕೊಂಡು ಸುಮ್ನೆ ನಿಂತ್ರೆ ಬ್ಯಾಟರಿಗೆ ಮುಪ್ಪು ಬರುತ್ತೆ. ಪೂರ್ತಿ ಖಾಲಿ ಬಿಟ್ರೂ ಸಾಯುತ್ತೆ. ಅರ್ಧ ಇರ್ಬೇಕು, ಅರ್ಧ." ನಮ್ಮ ಕಾರ್ಖಾನೆಯಲ್ಲಿ ಅರ್ಧ ಅನ್ನುವುದು ಬೈಗುಳ. ಅರ್ಧಂಬರ್ಧ ಪಾಲಿಶು, ಅರ್ಧ ಮನಸ್ಸಿನ ಕೆಲಸ ಎಂದೇ ನಾನು ಆಳುಗಳನ್ನು ಬೈಯುವುದು. ಅರ್ಧವೇ ಒಳ್ಳೆಯದು ಎಂದು ಮೊದಲ ಸಲ ಕೇಳಿದೆ. ಕೈಬ್ರೇಕು ಎಳೆದಿಟ್ಟರೆ ಅಂಟಿಕೊಳ್ಳುತ್ತದಂತೆ, ಅದನ್ನು ಬಿಡಿಸಿ ಚಕ್ರಕ್ಕೆ ಮರದ ತುಂಡು ಒತ್ತು ಕೊಡಿಸಿದ. ಟಾರ್ಪಾಲು ಎಸೆದು ಹತ್ತಿಯ ಬಟ್ಟೆ ಹೊದಿಸು ಅಂದ. ನಿನ್ನ ಹಳೆಯ ಎರಡು ಮಂಚದ ಹಾಸು ಸೇರಿಸಿ ನಾನೇ ಹೊಲಿದೆ. ಹದಿನೈದು ದಿನಕ್ಕೊಮ್ಮೆ ಒಂದು ಸುತ್ತು ಓಡಿಸಬೇಕು, ಇಲ್ಲದಿದ್ದರೆ ಚಕ್ರ ನಿಂತ ಕಡೆಯೇ ಚಪ್ಪಟೆಯಾಗುತ್ತದೆ ಅಂದ. ಆ ಕೆಲಸ ಅಣ್ಣನ ಪಾಲಿಗೆ ಬಂತು. ಪ್ರತಿ ಸಲವೂ ಅವನ ಗೊಣಗಾಟ ಇದ್ದದ್ದೇ. "ನಂಗೆ ಸೊಂಟ ನೋವು ಅಂದ್ರೆ ಒಂದು ಮಾತು ಕೇಳಲ್ಲ, ಈ ಗಾಡಿಗೆ ಮಾತ್ರ ವಾಕಿಂಗ್ ಮಾಡಿಸ್ಬೇಕು." ಆದರೂ ಒಂದು ಸಲವೂ ತಪ್ಪಿಸಿಲ್ಲ ಅವನು.

ಒಂದು ಸಲ ಅವನು ಓಡಿಸಿಕೊಂಡು ಹೋಗುವಾಗ ಗಡಿಯಾರ ರಿಪೇರಿಯ ಅಜ್ಜ ಕಂಡರಂತೆ. ನೀನು ವಾರಕ್ಕೆ ಮೂರು ದಿನ ರಕ್ತ ಶುದ್ಧಿಗೆ, ಆ ಡಯಾಲಿಸಿಸ್ಸಿಗೆ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆಯಲ್ಲ, ಅವರು. ಕಾರು ನೋಡಿ ಕೈ ಅಡ್ಡ ಹಿಡಿದು ನಿಲ್ಲಿಸಿ, ಒಳಗೆ ಬಗ್ಗಿ, "ಓ, ನೀನಾ?" ಎಂದು ಹೇಳಿ ಹೊರಟುಹೋದರಂತೆ. ಅಣ್ಣನಿಗೆ ಬೇಜಾರಾಯಿತು. ಅಜ್ಜ ಈಗ ಬೇರೆ ಯಾರದೋ ಗಾಡಿಯಲ್ಲಿ ಹೋಗುತ್ತಾರೆ. ಆ ಡ್ರೈವರ್ ರಸ್ತೆಯ ಒಂದು ಗುಂಡಿಯನ್ನೂ ಬಿಡದೆ ಇಳಿಸುತ್ತಾನೆ, ವಾಪಸು ಬರುವಾಗ ಸೂಜಿ ಚುಚ್ಚಿದ ಕೈ ಹಿಡಿದುಕೊಳ್ಳುವುದೋ ಸೀಟು ಹಿಡಿದುಕೊಳ್ಳುವುದೋ ತಿಳಿಯುವುದಿಲ್ಲ ಎಂದು ಅಂಗಡಿಗೆ ಬಂದು ನನ್ನ ಹತ್ತಿರವೇ ದೂರು ಹೇಳಿದರು, ನಾನೇನೋ ಆ ಗುಂಡಿ ತೋಡಿದ ಹಾಗೆ.

ಇನ್ನು ನಾನು ಮಾಡಿದ್ದು. ಹತ್ತಿಯ ಬಟ್ಟೆ ಹೊದಿಸಿದಂದಿನಿಂದ ದಿನಾ ಬೆಳಗ್ಗೆ ಆರೂವರೆಗೆ ಕಾರ್ಖಾನೆಯ ಬೀಗ ತೆಗೆಯುವ ಮೊದಲು ಷೆಡ್ಡಿಗೆ ಹೋಗುತ್ತಿದ್ದೆ. ಬಟ್ಟೆ ಸರಿಸಿ, ಕೀಲಿಯ ಗುಂಡಿ ಒತ್ತಿ, ಬಾಗಿಲು ತೆಗೆದು, ಒಳಗೆ ಎಷ್ಟು ಇದೆ ಎಂದು ನೋಡುತ್ತಿದ್ದೆ. ಐವತ್ತೆರಡು. ಮರುದಿನವೂ ಐವತ್ತೆರಡು. ಒಂದೊಂದು ದಿನ ಐವತ್ತೊಂದು ಆಗಿದ್ದರೆ ಮನಸ್ಸಿಗೆ ಏನೋ ಕಳವಳ. ಸ್ಟಿಯರಿಂಗಿನ ಮುಂದಿನ ಹಲಗೆಯ ಮೇಲಿನ ಧೂಳು ಒರೆಸುತ್ತಿದ್ದೆ. ನಿನ್ನ ಬಾಗಿಲಿನ ಸಂದಿಯಲ್ಲಿ ಒಂದು ತಲೆಪಿನ್ನು, ನೀನು ಕರೆದೊಯ್ಯುತ್ತಿದ್ದ ರೋಗಿಗಳಿಗೆ ಇಟ್ಟಿದ್ದ ವಾಂತಿ ಚೀಲಗಳ ಕಟ್ಟು, ಅರ್ಧ ಬಾಟಲಿ ನೀರು ಇತ್ತು. ನೀರು ಮಾತ್ರ ಬದಲಾಯಿಸುತ್ತಿದ್ದೆ. ಯಾಕೆ ಎಂದು ಕೇಳಬೇಡ. ಐದು ನಿಮಿಷ ನೋಡಿ, ಬಾಗಿಲು ಹಾಕಿ, ಬೀಗ ತೆಗೆಯಲು ಹೋಗುತ್ತಿದ್ದೆ. ಇದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಬೇಕಾದ ವಿಷಯವೂ ಅಲ್ಲ.

ಇದರ ಮಧ್ಯೆ ಷೆಡ್ಡಿನಲ್ಲಿ ಇಲಿ ಸೇರಿಕೊಂಡಿದೆ ಎಂದು ಗುಲ್ಲೆದ್ದಿತು. ಮಧ್ಯಾಹ್ನ ಚಹದ ಹೊತ್ತಿಗೆ ಕಾರಿನ ಒಳಗೆ 'ಟಕ್' ಎಂದು ಸದ್ದು. ಇಲಿಗಳಿಗೆ ಈ ಗಾಡಿಯ ವೈರು ಎಂದರೆ ಬಲು ಇಷ್ಟ ಎಂದು ಮಾಸ್ತರ ಮೊದಲೇ ಹೆದರಿಸಿದ್ದ. ಬೋನು ಇಟ್ಟೆ, ಬೀಳಲಿಲ್ಲ. ಜನವರಿಯಲ್ಲಿ ಒಂದು ದಿನ ಪಾಲಿಶಿನವನು ಓಡಿಬಂದು, "ಅಮ್ಮಾವ್ರೇ, ಗಾಡಿ ಕಣ್ಣು ಬಿಡ್ತು" ಅಂದ. ಬಟ್ಟೆಯ ಒಳಗಿನಿಂದ ಮುಂದಿನ ದೀಪ ಎರಡು ಸಲ ಹತ್ತಿ ಆರಿತಂತೆ. "ನಿನ್ನ ಸ್ಪಿರಿಟ್ಟು ಡಬ್ಬ ಮುಚ್ಚಿಟ್ಟು ಕೆಲಸ ಮಾಡು, ಮೂಸಿ ಮೂಸಿ ತಲೆ ಕೆಟ್ಟಿದೆ" ಎಂದು ಬೈದು ಕಳಿಸಿದೆ. ಪಾಪ, ಆಮೇಲೆ ಅವನು ಆ ಷೆಡ್ಡಿನ ಕಡೆ ಒಬ್ಬನೇ ಹೋಗಲಿಲ್ಲ. ನಾನೂ ಒಂದು ದಿನ ಕೋಲು ಹಿಡಿದು ಕಾದು ಕೂತಿದ್ದೆ. ಸದ್ದು ಬಂತು, ಇಲಿ ಬರಲಿಲ್ಲ. ಕೋಲಿನಿಂದ ಟೈರಿಗೆ ಎರಡು ಬಾರಿಸಿ ಎದ್ದು ಬಂದೆ.

ಮೊನ್ನೆ ಭಾನುವಾರ ಬೇಕರಿಯವರು ಗಂಡ ಹೆಂಡತಿ ಇಬ್ಬರೂ ಕಾರು ನೋಡಲು ಬಂದರು. ನಾನು ಒಳ್ಳೆಯ ಸೀರೆ ಉಟ್ಟು ನಿಂತಿದ್ದೆ. ಬಟ್ಟೆ ತೆಗೆದೆ, ಕಾರು ಹೊಸ ಪಾತ್ರೆಯ ಹಾಗಿತ್ತು. "ಎಂಟು ತಿಂಗಳು ನಿಂತಿದೆ ಅಂತ ಯಾರೂ ಹೇಳಲ್ಲ" ಎಂದು ಆಕೆ ಹೇಳಿದರು. ನಾನು ಕೀಲಿ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಅಣ್ಣ ಕಿತ್ತುಕೊಂಡು ಒತ್ತಿದ. ಬಾಗಿಲೂ ಇಲ್ಲ, ದೀಪವೂ ಇಲ್ಲ. ಆಕೆಯ ಗಂಡ ಮೆಲ್ಲಗೆ, "ಸತ್ತುಹೋಗಿದ್ಯಾ?" ಅಂದರು. ನಲವತ್ತು ವರ್ಷದಿಂದ ಈ ಬೀದಿಯಲ್ಲಿ ಅಂಗಡಿ ಇಟ್ಟಿದ್ದೇನೆ. ನನ್ನ ಕೈಯಿಂದ ಹೋದ ಒಂದು ಪೆಟ್ಟಿಗೆಯ ಚಿಲಕವೂ ಗಿರಾಕಿಯ ಮುಂದೆ ಕೈಕೊಟ್ಟಿರಲಿಲ್ಲ. ಮುಂದಿನ ಭಾನುವಾರ ಬನ್ನಿ, ಓಡಿಸಿ ತೋರಿಸುತ್ತೇನೆ ಎಂದು ಹೇಳಿ ಕಳಿಸಿದೆ. ಅವರು ಹೋದಮೇಲೆ ಅಲ್ಲೇ ಹಲಗೆಯ ರಾಶಿಯ ಮೇಲೆ ಕೂತುಬಿಟ್ಟೆ. ಅಣ್ಣ ನೀರು ತಂದುಕೊಟ್ಟ. ಕಾಪಾಡುತ್ತೇನೆ ಎಂದು ಹೊರಟು ಕೊಂದುಬಿಟ್ಟೆನಲ್ಲ ಎಂಬುದೊಂದೇ ತಲೆಯಲ್ಲಿ. ಮಾರುವುದಕ್ಕೂ ಉಳಿಯದ ಹಾಗೆ ಮಾಡಿದೆ ಎಂದು ನಿನಗೆ ಯಾವ ಬಾಯಲ್ಲಿ ಹೇಳುವುದು?

ಸೋಮವಾರ ಮಾಸ್ತರ ಬಂದ. ಎಲ್ಲೋ ಅಡಗಿದ್ದ ತೂತಿಗೆ ಕಬ್ಬಿಣದ ಕೀಲಿ ಹಾಕಿ ಬಾಗಿಲು ತೆಗೆದ. ಈ ಕಾರಿಗೆ ಬ್ಯಾಟರಿ ಎರಡಂತೆ. ನಾನು ಕಾವಲು ಕಾದದ್ದು ಕೆಳಗಿರುವ ದೊಡ್ಡದಕ್ಕೆ, ಚಕ್ರ ತಿರುಗಿಸುವುದಕ್ಕೆ. ಬಾಗಿಲು, ದೀಪ, ಒಳಗಿನ ಲೆಕ್ಕಾಚಾರಕ್ಕೆಲ್ಲ ಮುಂದುಗಡೆ ಬೇರೆ ಒಂದು ಪುಟ್ಟ ಬ್ಯಾಟರಿ ಇದೆ. ದೊಡ್ಡದು ಐವತ್ತರಲ್ಲಿ ಆರಾಮಾಗಿ ಮಲಗಿತ್ತು. ಸತ್ತದ್ದು ಪುಟ್ಟದು. "ಸುಮ್ನೆ ನಿಂತಿದ್ರೆ ಇದು ಇಷ್ಟು ಬೇಗ ಸಾಯಲ್ಲ. ಯಾರೋ ಗಾಡೀನ ನಿದ್ದೆ ಮಾಡೋಕೆ ಬಿಟ್ಟಿಲ್ಲ" ಎಂದು ಹೇಳಿ, ಹೊಸದು ಜೋಡಿಸಿ, ತನ್ನ ಹಲಗೆಯಂಥ ಯಂತ್ರ ಸಿಕ್ಕಿಸಿದ. ಯಾವ ಹೊತ್ತಿಗೆ ಯಾರು ಎಬ್ಬಿಸಿದರು ಎಂದು ಕಾರು ತನ್ನೊಳಗೇ ಬರೆದಿಟ್ಟುಕೊಳ್ಳುತ್ತದಂತೆ. ಮಾಸ್ತರ ಕನ್ನಡಕ ಮೂಗಿಗೆ ಇಳಿಸಿ ಓದಿದ. "ಬೆಳಗ್ಗೆ ಆರೂವರೆ, ಬಾಗಿಲು. ಮಾರನೇ ದಿನ ಆರೂವರೆ, ಬಾಗಿಲು. ದಿನಾ ಇದೆ. ಯಾರಮ್ಮ ಇದು?" ನಾನು ಅಣ್ಣನ ಕಡೆ ನೋಡದೆ, "ನಾನೇ" ಅಂದೆ. "ಒಂದು ಸಲ ಬಾಗಿಲು ತೆಗೆದ್ರೆ ಒಳಗಿರೋ ಎಲ್ಲಾ ಎದ್ದು ಕೂರುತ್ತೆ, ತಿರ್ಗ ಮಲಗೋಕೆ ಎಷ್ಟೋ ಹೊತ್ತು. ಮಗು ಮಲಗಿದ್ಯಾ ಅಂತ ದಿನಾ ಅಲ್ಲಾಡಿಸಿ ನೋಡಿದ್ರೆ ಏನಾಗುತ್ತೆ?" ಅಂದ. ತಲೆ ತಗ್ಗಿಸಿದೆ. ಆಮೇಲೆ ಅವನು, "ಇರಿ, ನಿಮ್ಮದೊಂದೇ ಅಲ್ಲ. ಮಧ್ಯಾಹ್ನ ನಾಲ್ಕಕ್ಕೆ ಯಾರೋ ದೂರದಿಂದ ಫೋನಲ್ಲೇ ಎಬ್ಬಿಸಿದ್ದಾರೆ. ಇದೂ ದಿನಾ. ನವೆಂಬರಿಂದ" ಅಂದ. ಈ ಕಾರಿಗೆ ಕಟ್ಟಿದ ಫೋನು ಯಾವುದು ಎಂದು ಅಣ್ಣ ಕೇಳಿದ. ಒಂದೇ ಇದೆ, ಒಡತಿಯದು ಎಂದು ಮಾಸ್ತರ ಹೇಳಿದ.

ಅವನು ಹೇಳುತ್ತ ಹೋದ. ದಿನಕ್ಕೊಂದು ಸಲ ನೋಡುವುದು. ಜನವರಿಯಲ್ಲಿ ಒಮ್ಮೆ ದೀಪ ಹಾಕಿ ಆರಿಸಿದ್ದು. ಫೆಬ್ರವರಿ ಇಪ್ಪತ್ತಕ್ಕೆ ಮಾತ್ರ ಹನ್ನೊಂದು ಸಲ. ನಾನು ಒಳಗೆ ಹೋಗಿ ಡ್ರಾಯರಿನಿಂದ ನಿನ್ನ ಕಾಗದ ತೆಗೆದು ನೋಡಿದೆ. ಸಹಿಯ ಕೆಳಗೆ ಇಪ್ಪತ್ತನೆಯ ತಾರೀಖು ಇತ್ತು.

ಹೀಗೆ ನಾಲ್ಕು ತಿಂಗಳು ಬೆಳಗ್ಗೆ ನಾನು ನೋಡಿದೆ, ಮಧ್ಯಾಹ್ನ ನೀನು ನೋಡಿದೆ. ಒಬ್ಬರಿಗೊಬ್ಬರು ಒಂದು ಮಾತು ಆಡದೆ ಇಬ್ಬರೂ ಸೇರಿ ಆ ಪುಟ್ಟ ಬ್ಯಾಟರಿಯನ್ನು ಹಿಂಡಿ ಹಾಕಿದೆವು. ನಿನ್ನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಬೈಯುವುದಾದರೆ ಮೊದಲು ನನ್ನನ್ನೇ ಬೈದುಕೊಳ್ಳಬೇಕು, ಅದಕ್ಕೆ ಈಗ ತ್ರಾಣವಿಲ್ಲ.

ಮಾಸ್ತರ ಸಾಮಾನು ಕಟ್ಟುವಾಗ ಡ್ರೈವರ್ ಸೀಟನ್ನು ಹಿಂದೆ ಮುಂದೆ ಎಳೆದು ನೋಡುತ್ತಿದ್ದ. "ಇದಕ್ಕೆ ಕ್ಲಚ್ಚಿಲ್ಲ, ಗೇರಿಲ್ಲ. ಬ್ರೇಕಿಗೂ ವೇಗಕ್ಕೂ ಸೇರಿಸಿ ಎಡಗೈಗೆ ಒಂದು ಲಿವರ್ ಹಾಕಿದ್ರೆ ಕಾಲೇ ಬೇಡ. ಪೋಲಿಯೋ ಆದ ಒಬ್ಬ ಮೇಷ್ಟ್ರಿಗೆ ಹಾಕ್ಕೊಟ್ಟಿದ್ದೀನಿ, ಸಾರಿಗೆ ಕಚೇರಿಯವ್ರೇ ನೋಡಿ ಒಪ್ಪಿ ಲೈಸೆನ್ಸ್ ಕೊಟ್ಟಿದ್ದಾರೆ. ಆರು ವರ್ಷದಿಂದ ಓಡಿಸ್ತಿದ್ದಾರೆ" ಅಂದ. ನನಗೆ ಎಲ್ಲಿತ್ತೋ ಸಿಟ್ಟು. "ನನ್ನ ಮಗಳ ಕಾಲಿನ ವಿಷಯ ನಿನಗ್ಯಾರು ಹೇಳಿದ್ದು?" ಎಂದು ಕೇಳಿದೆ. ಅವನು ಸ್ಕ್ರೂ ಚೀಲದ ಬಾಯಿ ಕಟ್ಟುತ್ತಲೇ, "ಇಡೀ ಬೀದಿಗೆ ಗೊತ್ತಮ್ಮ. ನಿಮಗೊಬ್ರಿಗೆ ಯಾರೂ ಹೇಳೋ ಹಾಗಿರ್ಲಿಲ್ಲ" ಅಂದ. ಬಾಗಿಲು ತೋರಿಸಿದೆ. ಹೋದ. ಅಣ್ಣ ಚಕ್ರದ ಕೆಳಗಿನ ಮರದ ತುಂಡನ್ನು ಕಾಲಿನಿಂದ ಒತ್ತಿ, ತಾನೂ ಹೊರಟುಹೋದ.

ಅವತ್ತು ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಷೆಡ್ಡಿಗೆ ಹೋಗಿ ಕಾರಿನೊಳಗೆ ಕೂತೆ. ನಿನ್ನ ಜಾಗದಲ್ಲಿ ಕೂತದ್ದು ಅದೇ ಮೊದಲು. ಬಾಗಿಲು ತೆಗೆದೇ ಇಟ್ಟಿದ್ದೆ, ಮಂಡಿ ಮಡಚುವುದಿಲ್ಲ. ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಯಿತು. ಆಮೇಲೆ 'ಟಕ್' ಎಂದು ಸದ್ದಾಗಿ ಮತ್ತೆ ಬೆಳಕು ಬಂತು. ನಾನು ಏನನ್ನೂ ಮುಟ್ಟಿರಲಿಲ್ಲ. ಬಾಗಿಲು ತೆರೆದಿದೆ ಎಂದು ನಿನ್ನ ಫೋನಿನಲ್ಲಿ ತೋರಿಸಿರಬೇಕು, ಯಾರು ತೆಗೆದರೋ ಎಂದು ನೀನು ಗಾಬರಿಯಾಗಿರಲೂಬಹುದು. ನಾನೇ ಇದ್ದದ್ದು. ಬೆಳಕು ಆರುವವರೆಗೂ ಕೂತಿದ್ದೆ. ನನ್ನ ಪಾದದ ಕೆಳಗೆ ಎರಡು ಪೆಡಲು ಇದ್ದವು. ಬಗ್ಗಿ ಕೈಯಿಂದ ಒಂದನ್ನು ಒತ್ತಿ ನೋಡಿದೆ. ಅಷ್ಟೇನೂ ಬಿಗಿಯಿಲ್ಲ.

ನಿನ್ನ ಕಾಲಿನ ವಿಷಯದಲ್ಲಿ ನಾನು ನವೆಂಬರಿನಲ್ಲಿ ಆಡಿದ ಮಾತು ತಪ್ಪು. ಇದನ್ನು ಇನ್ನೊಮ್ಮೆ ಬರೆಯುವುದಿಲ್ಲ, ಒಮ್ಮೆ ಬರೆದದ್ದನ್ನು ಎರಡು ಸಲ ಓದಿಕೋ. ನೀನು ನಡೆಯುತ್ತೀಯ ಎಂದು ನಾನು ಹಟ ಹಿಡಿದದ್ದು ನಿನಗೆ ಧೈರ್ಯ ಬರಲಿ ಎಂದಲ್ಲ. ನನಗೆ ಧೈರ್ಯ ಇರಲಿಲ್ಲ. ಆಸ್ಪತ್ರೆಯಲ್ಲಿ ನೀನೊಬ್ಬಳೇ ಅದನ್ನು ಹೊತ್ತುಕೊಂಡು ಮಲಗಿದ್ದೆ, ನಾನು ಇಲ್ಲಿ ಚಕ್ರಕ್ಕೆ ಗಾಳಿ ತುಂಬಿಸುತ್ತ ಕೂತಿದ್ದೆ.

ಇನ್ನು ಮೇಲೆ ದಿನಾ ಬೆಳಗ್ಗೆ ಬಾಗಿಲು ತೆಗೆಯುವುದಿಲ್ಲ. ಮಾಸ್ತರ ತಿಂಗಳಿಗೊಮ್ಮೆ ಸಾಕು ಎಂದಿದ್ದಾನೆ. ನಿನ್ನೆಯೂ ಇವತ್ತೂ ಹೋಗಲಿಲ್ಲ. ಆರೂವರೆಗೆ ಕಾಲು ತಾನಾಗಿ ಆ ಕಡೆ ತಿರುಗಿತು, ಹೇಗೋ ತಡೆದೆ. ನೀನೂ ಫೋನಿನಲ್ಲಿ ನೋಡುವುದನ್ನು ಬಿಡು, ಹೊಸ ಬ್ಯಾಟರಿಯಾದರೂ ಉಳಿಯಲಿ. ಕಾರು ಹೇಗಿದೆ ಎಂದು ತಿಳಿಯಬೇಕಾದರೆ ಕೇಳಲು ಮನುಷ್ಯರಿದ್ದಾರೆ.

ಅಳಿಯನಿಗೆ ಹೇಳು, ಹೊತ್ತಿಗೆ ಸರಿಯಾಗಿ ಉಣ್ಣಲಿ. ಹೋದ ಸಲ ನೋಡಿದಾಗ ಅಂಗಿಯೊಳಗೆ ಮೊಳೆಗೆ ನೇತುಹಾಕಿದ ಹಾಗಿದ್ದ. ಮಾತು ಕಡಿಮೆಯಾದರೂ ಒಳ್ಳೆಯವನು, ನಾನು ಅವನ ಮುಂದೆ ಹಾಗೆ ಹೇಳಿಲ್ಲ, ನೀನೂ ಹೇಳಬೇಡ. ಡಾಕ್ಟರಮ್ಮನಿಗೆ ನನ್ನ ನಮಸ್ಕಾರ. ನಿನ್ನ ತೋಳಿಗೆ ಬಲ ಬರಲಿ, ಮನಸ್ಸಿಗೆ ಸ್ವಲ್ಪ ವಿಶ್ರಾಂತಿ ಸಿಗಲಿ. ತಲೆಯ ಮೇಲೆ ಕೈಯಿಟ್ಟು ಹರಸಿದ್ದೇನೆ ಎಂದುಕೋ.

ನಿನ್ನ,
ಅಮ್ಮ

ಇನ್ನೊಂದು ವಿಷಯ: ಕೊರಿಯರಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಕಾಗದ ಮುಗಿಸಿ ಈಗ ಮಾಸ್ತರನ ಅಂಗಡಿಗೆ ನಾನೇ ಹೋಗಿಬಂದೆ. ತಪ್ಪಾಯಿತು ಎಂದೇನೂ ಹೇಳಲಿಲ್ಲ, ಲಿವರಿಗೆ ಎಷ್ಟು ದಿನ ಬೇಕು ಎಂದು ಕೇಳಿದೆ. ಅವನು ಸ್ಟೂಲು ಎಳೆದು ಹಾಕಿದ. ಹತ್ತು ದಿನ ಸಾಕಂತೆ, ಆದರೆ ಅಳತೆ ಬೇಕು. ನೀನು ಬೆನ್ನು ಒರಗಿ ಕೂತಾಗ ಎಡ ಭುಜದಿಂದ ಮೊಣಕೈಗೆ ಎಷ್ಟು, ಮೊಣಕೈಯಿಂದ ಅಂಗೈ ನಡುವಿಗೆ ಎಷ್ಟು, ಮುಷ್ಟಿ ಹಿಡಿದರೆ ಸುತ್ತಳತೆ ಎಷ್ಟು. ನೀನೇ ಅಳೆಸಿ, ನೀನೇ ಫೋನ್ ಮಾಡಿ ಹೇಳು. ಅಳಿಯನ ಟೇಪಿನ ಮೇಲೆ ನನಗೆ ನಂಬಿಕೆಯಿಲ್ಲ, ಅವನು ಇಂಚನ್ನೂ ಸೆಂಟಿಮೀಟರನ್ನೂ ಕಲಸುತ್ತಾನೆ. ಲಿವರು ಬೇಡ, ಮಾರಲೇಬೇಕು ಅನ್ನುವುದಾದರೂ ಶನಿವಾರದೊಳಗೆ ನಿನ್ನ ಬಾಯಿಂದಲೇ ಹೇಳು, ಭಾನುವಾರ ಬೇಕರಿಯವರಿಗೆ ಕೀಲಿ ಕೊಡುತ್ತೇನೆ, ಮುಖ ಸಿಂಡರಿಸುವುದಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ಗಾಲಿಕುರ್ಚಿಯ ಅಗಲ ಮಾತ್ರ ಹೇಳಲೇಬೇಕು. ಮನೆಯ ಮುಂಬಾಗಿಲು ಚಿಕ್ಕದಾಯಿತೆಂದು ಇವತ್ತು ಬೆಳಗ್ಗೆ ಬಡಗಿಗಳ ಕೈಲಿ ಚೌಕಟ್ಟು ಸಮೇತ ಕೀಳಿಸಿಬಿಟ್ಟಿದ್ದೇನೆ. ಹೊಸದಕ್ಕೆ ಮರ ಕೊಯ್ಯಲು ನಿನ್ನ ಅಳತೆಗೆ ಕಾದಿದ್ದಾರೆ.